ಕಲಬುರಗಿಗೆ ಎಷ್ಟು ಹೊತ್ತಿನ ದಾರಿ?

ಬೆಂಗಳೂರಿನಿಂದ ಕಲಬುರಗಿ ಎಷ್ಟು ದೂರವೆಂದು ಯಾರಾದರೂ ಕೇಳಿದರೆ, ಬಲ್ಲವರು ಕೂಡಲೇ ಉತ್ತರ ಹೇಳುವುದಿಲ್ಲ. ಯಾವುದರಲ್ಲಿ ಹೋಗುವಿರಿ ಎಂದು ಮರುಪ್ರಶ್ನೆ ಹಾಕುತ್ತಾರೆ. ಬಸ್ಸಿನಲ್ಲಾದರೆ ಹಿಡಿದ ಮಾರ್ಗವನ್ನನುಸರಿಸಿ ಆರುನೂರು ಕಿಲೋಮೀಟರಿನ ಆಸುಪಾಸು. ರೈಲಿನಲ್ಲಾದರೆ ಸುಮಾರು 560. ಹಕ್ಕಿ ಹಾರಿದಂತೆ ನೇರ ಗೆರೆ ಎಳೆದರೆ ದೇವನಹಳ್ಳಿಯ ನಿಲ್ದಾಣದಿಂದ ಸರಡಗಿಯ ನಿಲ್ದಾಣಕ್ಕೆ ಸುಮಾರು 460 ಕಿಲೋಮೀಟರು ಮಾತ್ರ. ವಿಮಾನದ ವೇಳಾಪಟ್ಟಿಯಲ್ಲಿ ಅದು ಒಂದು ಗಂಟೆ ಹತ್ತು ನಿಮಿಷದ ಪ್ರಯಾಣವಾಗಿತ್ತು. ಇಷ್ಟು ಹೇಳಿದ ಮೇಲೂ ಕೇಳಿದವನಿಗೆ ಬೇಕಾದ ಉತ್ತರ ಸಿಕ್ಕಿರುವುದಿಲ್ಲ. ಅವನಿಗೆ ಬೇಕಾದುದು, ಈಗ ಮನೆ ಬಿಟ್ಟರೆ ಎಷ್ಟು ಹೊತ್ತಿಗೆ ಆ ಮನೆಯ ಹೊಸ್ತಿಲು ಮುಟ್ಟಬಹುದು ಎಂಬುದು.

ಒಂದೇ ರಾಜ್ಯದ ಎರಡು ನಗರಗಳ ನಡುವಿನ ದಾರಿ ಇಷ್ಟು ಸುತ್ತಾದುದಕ್ಕೆ ಚರಿತ್ರೆಯೇ ಕಾರಣ. ನಮ್ಮ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಬೆಂಗಳೂರು ಮೈಸೂರು ಸಂಸ್ಥಾನದಲ್ಲಿತ್ತು. ರೈಲುಹಳಿ ಹಾಕಿದವರಿಗೆ ಬೇಕಾಗಿದ್ದುದು ಮುಂಬಯಿ ಮದರಾಸುಗಳ ಸಂಬಂಧ. ಎರಡೂ ಕಡೆಯಿಂದ ಬಂದ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಕನ್ನಡದ ಎರಡು ಊರುಗಳನ್ನು ಹತ್ತಿರ ತರುವ ಉದ್ದೇಶ ಆಗ ಯಾರಿಗೂ ಇರಲಿಲ್ಲ, ಇರಬೇಕಾದ ಕಾರಣವೂ ಇರಲಿಲ್ಲ. 1956ರ ನವೆಂಬರ್ 1ರಂದು ನಾವೆಲ್ಲ ಒಂದೇ ರಾಜ್ಯದವರಾದೆವು. ಹಳಿ ಮಾತ್ರ ಇದ್ದಲ್ಲಿಯೇ ಇತ್ತು. ಇಂದಿಗೂ ಬೆಂಗಳೂರು ಬಿಟ್ಟ ಗಾಡಿ ಆಂಧ್ರದ ನೆಲವನ್ನು ಹೊಕ್ಕು, ಅನಂತಪುರ, ಗುಂತಕಲ್, ಆದೋನಿಗಳನ್ನು ಕಂಡು, ಮಂತ್ರಾಲಯದ ಬಳಿ ತುಂಗಭದ್ರೆಯನ್ನು ದಾಟಿ ರಾಯಚೂರಿಗೆ ಬಂದಾಗಲೇ ಮತ್ತೆ ಕನ್ನಡ ನಾಡು. ಅಲ್ಲಿಂದ ಕೃಷ್ಣೆ, ಭೀಮೆ, ಯಾದಗಿರಿ, ವಾಡಿ, ಬಳಿಕ ಕಲಬುರಗಿ. ಗುಂತಕಲ್ಲಿನಿಂದ ಬೆಂಗಳೂರಿಗೆ ಮೀಟರ್ ಗೇಜ್ ಹಳಿಯಿದ್ದ ಕಾಲದಲ್ಲಿ ನಮ್ಮ ಹಿರಿಯರು ಅಪರಾತ್ರಿಯಲ್ಲಿ ಅಲ್ಲಿಳಿದು, ಗಂಟುಮೂಟೆ ಹೊತ್ತು, ಮತ್ತೊಂದು ಗಾಡಿ ಹತ್ತುತ್ತಿದ್ದರು. ನಮ್ಮ ಮನೆಯಲ್ಲಿ ‘ಗುಂತಕಲ್ಲು’ ಎಂಬುದು ಊರಿನ ಹೆಸರಾಗಿರುವುದಕ್ಕಿಂತ ಹೆಚ್ಚಾಗಿ ಪಡಿಪಾಟಲಿನ ಹೆಸರಾಗಿತ್ತು.

ದೂರದ ಬೇನೆ ಕೆಲವು ಕೆಲಸಗಳಲ್ಲಿ ಈಗ ತಗ್ಗಿದೆ. ಉಚ್ಚ ನ್ಯಾಯಾಲಯದ ಸಂಚಾರಿ ಪೀಠ 2008ರಲ್ಲಿ ನಮ್ಮೂರಿಗೆ ಬಂದಿತು, 2013ರಲ್ಲಿ ಅದು ಕಾಯಂ ಆಯಿತು. ಹೊಲದ ವ್ಯಾಜ್ಯದ ಕಾಗದ ಹಿಡಿದು ರಾತ್ರಿ ಬಸ್ಸು ಹತ್ತುವುದು ತಪ್ಪಿತು. ಹೃದ್ರೋಗಕ್ಕೆ ಜಯದೇವ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಇಲ್ಲಿಯೇ ಉದ್ಘಾಟನೆಗೊಂಡಿತು. ಸಂವಿಧಾನದ 371(ಜೆ) ವಿಧಿಯ ನೆನಪಿಗೆಂದು ಹಾಸಿಗೆಗಳ ಸಂಖ್ಯೆಯನ್ನು ಹಾಗಿಟ್ಟರು. ಮದುವೆ ಮುಂಜಿಗಳಿಗೆ, ಹೋಳಿ ಹುಣ್ಣಿಮೆಯ ತರುವಾಯದ ಶರಣಬಸವೇಶ್ವರ ಜಾತ್ರೆಗೆ ಮಕ್ಕಳು ತಿಂಗಳ ಮೊದಲೇ ಟಿಕೆಟು ತೆಗೆಸಿಕೊಳ್ಳುತ್ತಾರೆ. ಮೊದಲೇ ಗೊತ್ತಾದ ದಿನಕ್ಕೆ ಯಾವ ದಾರಿಯೂ ದೂರವಲ್ಲ. ಮೊದಲು ತಿಳಿಸದೆ ಬರುವುದು ಒಂದೇ ಒಂದು. ಈ ಲೇಖನವನ್ನು ಬರೆಯಲು ಕುಳಿತಿರುವುದು ಅದರ ಸಲುವಾಗಿ.

ನಮ್ಮ ಕಡೆ ‘ಮಣ್ಣಿಗೆ ಹೋಗುವುದು’ ಎಂಬ ಮಾತಿದೆ. ಮದುವೆಗೆ ತಪ್ಪಿದವರನ್ನು ಬಂಧುಗಳು ಮರುವರುಷ ಮರೆಯುತ್ತಾರೆ. ಮಣ್ಣಿಗೆ ತಪ್ಪಿದ್ದು ಮರೆತುಹೋಗುವುದಿಲ್ಲ. ಲಿಂಗೈಕ್ಯರಾದವರಿಗೆ ಮಜ್ಜನ ಮಾಡಿಸಿ, ವಿಭೂತಿ ಧರಿಸಿ, ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಕುಳಿತ ಭಂಗಿಯಲ್ಲಿಯೇ ಸಮಾಧಿಗೆ ಇಳಿಸುವ ಪದ್ಧತಿ ನಮ್ಮದು. ಪತ್ರಿ ಮತ್ತು ವಿಭೂತಿಗಳಿಂದ ತುಂಬಿದ ಬಳಿಕ ಮಕ್ಕಳು, ಬಂಧುಗಳು ಒಂದೊಂದು ಹಿಡಿ ಮಣ್ಣು ಕೊಡುತ್ತಾರೆ. ಆ ಒಂದು ಹಿಡಿಗೆ ಮುಟ್ಟಿದನೋ ಇಲ್ಲವೋ ಎಂಬುದೇ ಬೆಂಗಳೂರಿನ ಮಗನ ಲೆಕ್ಕ.

1989ರಲ್ಲಿ ನಾವು ದಂಪತಿಗಳು ನೌಕರಿಯ ನಿಮಿತ್ತ ಬೆಂಗಳೂರಿನಲ್ಲಿದ್ದೆವು. ಅಂದಿನ ಗುಲಬರ್ಗಾದಲ್ಲಿ ನಮ್ಮ ದೊಡ್ಡಪ್ಪನವರು ಬೆಳಗಿನ ಜಾವ ಲಿಂಗೈಕ್ಯರಾದರು. ಊರಿನಿಂದ ಮಾಡಿದ ಟ್ರಂಕ್ ಕರೆ ನಮ್ಮ ನೆರೆಯ ಅಂಗಡಿಯವರಿಗೆ ಸಿಕ್ಕಿದ್ದು ಹನ್ನೊಂದು ಗಂಟೆಗೆ. ಮುಂಬಯಿ ಕಡೆಯ ಗಾಡಿ ಹೊರಡುವುದು ರಾತ್ರಿ. ಹಗಲೆಲ್ಲ ನಾವು ಮಾಡಬಹುದಾದ ಕೆಲಸ ಏನೂ ಇರಲಿಲ್ಲ. ಮನೆಯಲ್ಲಿ ಕುಳಿತು ಗಡಿಯಾರ ನೋಡಿದೆವು. ಮರುದಿನ ಸೂರ್ಯೋದಯದ ಹೊತ್ತಿಗೆ ನಿಲ್ದಾಣದಲ್ಲಿಳಿದಾಗ ನಮ್ಮನ್ನು ಕರೆದೊಯ್ಯಲು ಬಂದಿದ್ದ ಹುಡುಗನ ಮುಖ ನೋಡಿದೊಡನೆ ತಿಳಿಯಿತು. ಹಿಂದಿನ ಸಂಜೆಯೇ ಎಲ್ಲವೂ ಮುಗಿದಿತ್ತು. ಅವ್ವ ಬಾಗಿಲಲ್ಲಿ ನಿಂತು, “ಬಾರಪ್ಪ, ಮೊದಲ ಜಳಕ ಮಾಡು, ಆಮ್ಯಾಲ ಸಮಾಧಿಗೆ ಹೋಗಿ ಬಾ” ಎಂದಿಷ್ಟೇ ಹೇಳಿದರು. ಮಣ್ಣಿನ ಮೇಲೆ ಏರಿಸಿದ್ದ ಪತ್ರಿ ಇನ್ನೂ ಬಾಡಿರಲಿಲ್ಲ. ದೊಡ್ಡಪ್ಪನವರೇ ನಮ್ಮನ್ನು ಓದಿಸಿದವರು.

ಯಾರನ್ನೂ ದೂರುವ ಮಾತಲ್ಲ ಇದು. ಬೇಸಗೆಯ ದಿನ, ನಮ್ಮ ಊರಿನ ಬಿಸಿಲನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾವು ಹೊರಟೆವೋ ಇಲ್ಲವೋ ಎಂಬ ಸಂಗತಿಯೇ ಅವರಿಗೆ ಖಚಿತವಿರಲಿಲ್ಲ. ಹಿರಿಯರು ಕೂಡಿ ಹೊತ್ತು ಮುಳುಗುವ ಮುಂಚೆ ಮುಗಿಸುವುದೆಂದು ತೀರ್ಮಾನಿಸಿದರು. ಆದರೆ ಈ ಅವಸರಕ್ಕೆ ಧರ್ಮದ ಅಪ್ಪಣೆಯಿದೆಯೆಂದು ಕೆಲವರು ಹೇಳುವಾಗ ನಾವು ಒಪ್ಪುವುದಿಲ್ಲ. ಐದು ಸೂತಕಗಳನ್ನೂ ಶರಣರು ತಳ್ಳಿಹಾಕಿದರು. ಮರಣದ ಸೂತಕ ಅವುಗಳಲ್ಲಿ ಒಂದು. ಶರಣರ ಪಾಲಿಗೆ ಮರಣ ಹಬ್ಬ. ಹಬ್ಬಕ್ಕೆ ಬರುವ ಮಕ್ಕಳಿಗಾಗಿ ನಾಲ್ಕು ತಾಸು ಕಾದರೆ ಲಿಂಗಕ್ಕೆ ಅಪಚಾರವಾಗುವುದಿಲ್ಲ. ಅವಸರಕ್ಕೆ ಇದ್ದ ಕಾರಣ ಬಿಸಿಲು, ದೇಹದ ಸ್ಥಿತಿ, ಮತ್ತು ದೂರ. ಇವು ಮೂರೂ ಲೌಕಿಕ ಕಾರಣಗಳು, ಲೌಕಿಕವಾಗಿಯೇ ಬಗೆಹರಿಸಿಕೊಳ್ಳಬೇಕು.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳುವುದು ಅಗತ್ಯ. ನಗರಗಳಲ್ಲಿ ಈಗ ಫ್ರೀಜರ್ ಪೆಟ್ಟಿಗೆ ತರಿಸುವ ರೂಢಿ ಬಂದಿದೆ. ಅದು ಮಲಗಿಸುವ ಪೆಟ್ಟಿಗೆ. ಪ್ರಾಣ ಹೋದ ಎರಡು ಮೂರು ತಾಸಿನಲ್ಲಿ ದೇಹ ಸೆಟೆಯತೊಡಗುತ್ತದೆ; ಹನ್ನೆರಡು ತಾಸಿನ ಹೊತ್ತಿಗೆ ಪೂರ್ಣ ಸೆಟೆದಿರುತ್ತದೆ. ಮಲಗಿಸಿದ ದೇಹವನ್ನು ಆಮೇಲೆ ಕೂಡಿಸುವುದು ಕಷ್ಟ, ನೋಡುವವರಿಗೆ ಸಂಕಟ. ಆದ್ದರಿಂದ ನಮ್ಮ ಹಿರಿಯ ಹೆಣ್ಣುಮಕ್ಕಳು ಮಾಡುತ್ತಿದ್ದುದೇ ಸರಿ: ಮೊದಲು ಕೂಡಿಸಿ, ಗೋಡೆಗೆ ಆನಿಸಿ, ವಸ್ತ್ರದಿಂದ ಭದ್ರಪಡಿಸಿ, ಅನಂತರ ಎಷ್ಟು ಹೊತ್ತು ಕಾಯುವುದೆಂದು ಮಾತನಾಡುವುದು. ಬೇಸಗೆಯಲ್ಲಿ ಸುತ್ತ ಬರ್ಫಿನ ಗಡ್ಡೆಗಳನ್ನಿಡುತ್ತಾರೆ. ಭಜನೆಯವರು ಬಂದು ಕುಳಿತರೆ ಹೊತ್ತು ತಾನಾಗಿ ಸರಿಯುತ್ತದೆ.

ದಾರಿಯ ಮಾತು ಬಂದಾಗ ಅಕ್ಕಮಹಾದೇವಿಯವರ ನೆನಪಾಗದಿರದು. ಉಡುತಡಿಯಿಂದ ಕಲ್ಯಾಣಕ್ಕೆ ಅವರು ಕಾಲ್ನಡೆಯಲ್ಲಿ ಬಂದರೆಂಬುದು ಪರಂಪರೆಯ ನಂಬಿಕೆ. ಭೂಪಟದ ಮೇಲೆ ನೇರ ಗೆರೆ ಎಳೆದು ನೋಡಿದರೆ ಅದೂ ನಾನೂರು ಕಿಲೋಮೀಟರಿಗೆ ಮೇಲ್ಪಟ್ಟ ದೂರ. ಬೆಂಗಳೂರಿನಿಂದ ಕಲಬುರಗಿಗಿರುವ ಆಕಾಶಮಾರ್ಗಕ್ಕೆ ಹೆಚ್ಚು ಕಡಿಮೆ ಸಮ. ಅವರಿಗೆ ಎಷ್ಟು ದಿನ ಹಿಡಿಯಿತೋ. ಅವರಿಗಾಗಿ ಕಾಯುತ್ತಿದ್ದವರು ಅನುಭವ ಮಂಟಪದ ಶರಣರು, ತಾಸಿನ ಲೆಕ್ಕವಿಟ್ಟವರಲ್ಲ.

ನಮ್ಮೂರಿನ ವಿಮಾನ ನಿಲ್ದಾಣಕ್ಕೆ 2008ರಲ್ಲಿ ಅಡಿಗಲ್ಲು ಬಿದ್ದು, 2019ರ ನವೆಂಬರ್ 22ರಂದು ಅದು ಉದ್ಘಾಟನೆಗೊಂಡಿತು. ಸೇಡಂ ರಸ್ತೆಯ ಕಡೆ, ಶ್ರೀನಿವಾಸ ಸರಡಗಿಯ ಹತ್ತಿರ ಮೂರು ಕಿಲೋಮೀಟರಿಗೂ ಉದ್ದವಾದ ಓಡುದಾರಿ. ಅದೇ ದಿನ ಬೆಂಗಳೂರಿನ ಸೇವೆ ಮೊದಲಾಯಿತು. ಓಣಿಯ ಜನ ಮಕ್ಕಳನ್ನು ಕರೆದುಕೊಂಡು ನೋಡಲು ಹೋದರು. ತೊಂಬತ್ತರ ಹತ್ತಿರವಿದ್ದ ಅವ್ವನನ್ನು, ಒಮ್ಮೆ ಕೂತು ಬೆಂಗಳೂರಿನ ಮಗನ ಮನೆಗೆ ಹೋಗಿ ಬಾ ಎಂದು ಮೊಮ್ಮಕ್ಕಳು ಒತ್ತಾಯಿಸಿದರೆ, “ನಂದೊಂದು ವಿಮಾನ ಅದಲ್ಲ, ಅದಕ್ಕ ಟಿಕೀಟ ಬ್ಯಾಡ” ಎಂದು ನಕ್ಕುಬಿಟ್ಟರು. ಸಮಾಧಿಗೆ ಒಯ್ಯಲು ಬಿದಿರು, ಬಾಳೆ, ಹೂವುಗಳಿಂದ ಕಟ್ಟುವ ಮಂಟಪಕ್ಕೂ ನಮ್ಮಲ್ಲಿ ವಿಮಾನವೆಂದೇ ಹೆಸರು. ಮೊಮ್ಮಕ್ಕಳಿಗೆ ಅರ್ಥವಾಗಲಿಲ್ಲ, ನಮಗಾಯಿತು.

ಆ ಒಂದು ಗಂಟೆ ಹತ್ತು ನಿಮಿಷ ಯಾವುದರಿಂದ ಆಗಿದೆಯೆಂಬುದನ್ನು ನೋಡಬೇಕು. ಜೆಟ್ ವಿಮಾನ ಮೇಲೇರಿದ ಮೇಲೆ ತಾಸಿಗೆ ಏಳೆಂಟುನೂರು ಕಿಲೋಮೀಟರ್ ವೇಗದಲ್ಲಿ ಹೋಗಬಲ್ಲುದು. ಆ ಲೆಕ್ಕದಲ್ಲಿ 460 ಕಿಲೋಮೀಟರಿಗೆ ನಲವತ್ತು ನಿಮಿಷವೂ ಬೇಡ. ಉಳಿದದ್ದು ಬಾಗಿಲು ಮುಚ್ಚಿ ಸರದಿಗೆ ಕಾಯುವುದು, ಏರುವುದು, ಇಳಿಯುವುದು, ಗಾಳಿಯ ದಿಕ್ಕು ನೋಡಿ ಸುತ್ತು ಹಾಕುವುದು. ಇದು ಆಕಾಶದ ಲೆಕ್ಕ. ನೆಲದ ಲೆಕ್ಕ ಇದಕ್ಕಿಂತ ದೊಡ್ಡದು. ದೇವನಹಳ್ಳಿಯ ನಿಲ್ದಾಣ ಮೆಜೆಸ್ಟಿಕ್ಕಿನಿಂದ ಸುಮಾರು 35 ಕಿಲೋಮೀಟರು. ಊರಿನ ದಕ್ಷಿಣ ತುದಿಯ ಬಡಾವಣೆಯವನಿಗೆ ಹಗಲಿನ ವಾಹನ ಸಂದಣಿಯಲ್ಲಿ ಎರಡು ತಾಸು. ಅಲ್ಲಿ ಒಂದು ತಾಸಿಗೂ ಮೊದಲು ಹಾಜರಾಗಬೇಕು. ಇಳಿದ ಮೇಲೆ ಸರಡಗಿಯಿಂದ ಊರೊಳಗೆ ಬರಲು ಅರ್ಧ ಮುಕ್ಕಾಲು ತಾಸು. ಎಲ್ಲ ಕೂಡಿದರೆ ಐದು ತಾಸು. ವಂದೇ ಭಾರತ್ ಗಾಡಿ 2024ರ ಮಾರ್ಚಿನಲ್ಲಿ ಆರಂಭವಾಯಿತು. ಒಂಬತ್ತು ತಾಸಿಗೆ ಸ್ವಲ್ಪ ಕಡಿಮೆ. ಉಳಿದ ಗಾಡಿಗಳಿಗೆ ಹತ್ತು, ಹನ್ನೊಂದು. ನಮಗೆ ಬಸವ ಎಕ್ಸ್‌ಪ್ರೆಸ್ಸಿನ ಮೇಲೆ ಹೆಸರಿನ ಕಾರಣದಿಂದ ತುಸು ಹೆಚ್ಚು ಪ್ರೀತಿ, ಅದು ಬೇಗ ಮುಟ್ಟಿಸುತ್ತದೆಂದಲ್ಲ.

ಹೀಗೆ ನೋಡಿದರೆ ಐದು ತಾಸಿಗೂ ಒಂಬತ್ತು ತಾಸಿಗೂ ಇರುವ ವ್ಯತ್ಯಾಸ ನಾಲ್ಕೇ ತಾಸು. ಆದರೆ ಸಂಜೆಯೊಳಗೆ ಮುಗಿಸುವ ಕಾರ್ಯದಲ್ಲಿ ನಾಲ್ಕು ತಾಸೆಂದರೆ ಎಲ್ಲವೂ ಹೌದು. ಜೊತೆಗೆ, ಗಾಡಿಯಾಗಲಿ ವಿಮಾನವಾಗಲಿ ಗೊತ್ತಾದ ಹೊತ್ತಿಗೆ ಹೊರಡುವಂಥದು. ಕರೆ ಯಾವ ಹೊತ್ತಿಗೆ ಬಂತೆಂಬುದರ ಮೇಲೆ ಐದು ತಾಸು ಇಪ್ಪತ್ತೈದೂ ಆಗಬಹುದು.

ಅವ್ವ ಇದನ್ನು ನಮಗಿಂತ ಮೊದಲು ಯೋಚಿಸಿದ್ದರು. ದೊಡ್ಡಪ್ಪನವರ ಮಣ್ಣಿಗೆ ನಾವು ತಪ್ಪಿದ್ದು ಅವರ ಮನಸ್ಸಿನಲ್ಲಿಯೇ ಉಳಿದಿತ್ತು. ಒಂದು ಶ್ರಾವಣದಲ್ಲಿ, ಎಲ್ಲರೂ ಕೂಡಿ ಪ್ರಸಾದಕ್ಕೆ ಕುಳಿತಿದ್ದಾಗ ಹೇಳಿದರು: “ಮೂರೂ ಮಕ್ಕಳು ಮುಟ್ಟೋತನಕ ನನ್ನ ಇಡ್ರಿ. ಹೊತ್ತು ಮುಳುಗ್ಲಿಕತ್ತಿದ್ರ ಕಾಯಬ್ಯಾಡ್ರಿ, ಬೆಳಕಿರೋದ್ರಾಗ ಕಳಸ್ರಿ.” ಎಂಥ ಮಾತು ಆಡುತ್ತೀರಿ ಎಂದು ಸೊಸೆಯಂದಿರು ಬೇಸರಪಟ್ಟರು. ಅವರೇನೂ ಮಾತು ಹಿಂತೆಗೆದುಕೊಳ್ಳಲಿಲ್ಲ. ತಟ್ಟೆಯಲ್ಲಿದ್ದ ಹೋಳಿಗೆಯನ್ನು ಪೂರ್ತಿ ತಿಂದರು.

2022ರ ಮಾಘ ಮಾಸದ ಒಂದು ರಾತ್ರಿ, ಮೂರು ಗಂಟೆಗೆ, ಅವ್ವ ಲಿಂಗೈಕ್ಯರಾದರು. ನಿವೃತ್ತಿಯ ನಂತರ ನಾವು ಇಲ್ಲಿಗೇ ಬಂದು ನೆಲೆಸಿದ್ದುದರಿಂದ ಹತ್ತಿರವೇ ಇದ್ದೆವು. ತಮ್ಮ ಬೆಂಗಳೂರಿನಲ್ಲಿ, ತಂಗಿ ಮೈಸೂರಿನಲ್ಲಿ. ಮೂರೂವರೆಗೆ ಇಬ್ಬರಿಗೂ ಫೋನು ಹೋಯಿತು. ನಾಲ್ಕು ಗಂಟೆಯ ಹೊತ್ತಿಗೆ ಅವ್ವನನ್ನು ಕೂಡಿಸಿ ಆಗಿತ್ತು. ಐದು ಗಂಟೆಗೆ ಜಂಗಮಯ್ಯನವರು ಬಂದು, ಎಷ್ಟು ಹೊತ್ತಿಗೆ ಎಂದು ಕೇಳಿದರು. ಅವ್ವನ ಮಾತನ್ನು ಅವರಿಗೆ ತಿಳಿಸಿದೆವು. ಅವರು ಪಂಚಾಂಗ ತೆರೆಯಲಿಲ್ಲ. “ಹಾಗಾದರೆ ಸಂಜೆ ಐದೂವರೆ. ಗದ್ದುಗೆ ತೆಗೆಯುವವರಿಗೆ ನಿಧಾನವಾಗಿ ಬರಹೇಳಿ” ಎಂದು ಹೊರಟರು.

ತಮ್ಮನಿಗೆ ಆ ದಿನ ಬೆಳಗಿನ ವಿಮಾನದಲ್ಲಿ ಒಂದು ಆಸನ ಸಿಕ್ಕಿತು. ಅವನು ಹನ್ನೊಂದು ಗಂಟೆಯ ಹೊತ್ತಿಗೆ ಮನೆ ಮುಟ್ಟಿದ. ತಂಗಿಗೆ ಅದು ಸಾಧ್ಯವಿರಲಿಲ್ಲ. ಮೈಸೂರಿನಿಂದ ದೇವನಹಳ್ಳಿಗೆ ಕಾರಿನಲ್ಲಿ ಬರುವಷ್ಟರಲ್ಲಿ ಆ ವಿಮಾನ ಹೋಗಿ ಗಂಟೆಗಳಾಗಿದ್ದವು. ಅಲ್ಲಿಂದ ಕಾರಿನಲ್ಲಿಯೇ ಮುಂದುವರಿದಿದ್ದರೆ ಇಲ್ಲಿಗೆ ರಾತ್ರಿಯಾಗುತ್ತಿತ್ತು. ಅಳಿಯಂದಿರು ನಿಲ್ದಾಣದಲ್ಲಿ ನಿಂತೇ ಬೇರೊಂದು ಲೆಕ್ಕ ಹಾಕಿದರು. ಬೆಂಗಳೂರಿನಿಂದ ಹೈದರಾಬಾದಿಗೆ ದಿನಕ್ಕೆ ಹಲವು ವಿಮಾನಗಳಿವೆ, ಅದೂ ಒಂದು ತಾಸು ಚಿಲ್ಲರೆಯ ದಾರಿ. ಹೈದರಾಬಾದಿನಿಂದ ಕಲಬುರಗಿಗೆ ರಸ್ತೆಯಲ್ಲಿ ಸುಮಾರು 220 ಕಿಲೋಮೀಟರು. ಕನ್ನಡ ನಾಡಿನ ಒಂದು ಊರಿನಿಂದ ಮತ್ತೊಂದು ಊರಿಗೆ ಬರಲು ತೆಲುಗು ನಾಡಿನ ರಾಜಧಾನಿಯ ಮೇಲೆ ಹಾಯುವುದು! ಹನ್ನೊಂದರ ವಿಮಾನ ಹತ್ತಿದರು, ಶಂಷಾಬಾದಿನಲ್ಲಿ ಬಾಡಿಗೆಯ ಕಾರು ಹಿಡಿದು ತಾಂಡೂರು, ಸೇಡಂ, ಮಳಖೇಡದ ಮಾರ್ಗವಾಗಿ ಬಂದರು.

ನಾಲ್ಕೂವರೆಗೆ ವಿಮಾನ ಮನೆಯಿಂದ ಹೊರಟಿತು. ಈ ವಿಮಾನವೆಂದರೆ ಅವ್ವನದು. ತಂಗಿಯ ಕಾರು ಆಗ ಸರಡಗಿ ನಿಲ್ದಾಣದ ಕಮಾನಿನ ಮುಂದೆ ಇತ್ತೆಂದು ಫೋನಿನಲ್ಲಿ ತಿಳಿಯಿತು. ಮನೆಗೆ ಬರಬೇಡ, ನೇರ ರುದ್ರಭೂಮಿಗೇ ಬಾ ಎಂದೆವು. ಐದು ಗಂಟೆ ದಾಟಿ ಹತ್ತು ನಿಮಿಷಕ್ಕೆ ಕಾರು ಬಂದು ನಿಂತಿತು. ಅವ್ವನನ್ನು ಇನ್ನೂ ಇಳಿಸಿರಲಿಲ್ಲ. ತಂಗಿ ಚಪ್ಪಲಿಯನ್ನು ಕಾರಿನಲ್ಲಿಯೇ ಬಿಟ್ಟು ಬಂದು, ಅವ್ವನ ಅಂಗೈಯ ಲಿಂಗವನ್ನು ಒಮ್ಮೆ ನೋಡಿ, ಪಾದಗಳನ್ನು ಹಿಡಿದುಕೊಂಡು ಕುಳಿತಳು. ಯಾರೂ ಅವಸರ ಮಾಡಲಿಲ್ಲ. ಸೂರ್ಯ ಇನ್ನೂ ಒಂದಾಳೆತ್ತರದಲ್ಲಿದ್ದ. ಮೂವರೂ ಮಣ್ಣು ಕೊಟ್ಟೆವು.

ಆ ಮೇಲೆ ಬಂಧುಗಳಲ್ಲಿ ಒಬ್ಬಿಬ್ಬರು, ಇಷ್ಟು ಖರ್ಚು ಮಾಡಿಕೊಂಡು ಬರಬೇಕಿತ್ತೇ, ಐದನೆಯ ದಿನಕ್ಕೆ ಬಂದಿದ್ದರೂ ನಡೆಯುತ್ತಿತ್ತಲ್ಲ ಎಂದರು. ಆ ದಿನ ಕೊಂಡ ಮೂರು ವಿಮಾನದ ಟಿಕೆಟು ಮತ್ತು ಕಾರಿನ ಬಾಡಿಗೆ ಕೂಡಿ ಸಣ್ಣ ಮೊತ್ತವೇನೂ ಆಗಿರಲಿಲ್ಲ. ಎಲ್ಲರ ಕೈಗೂ ಅದು ಎಟಕುವುದಿಲ್ಲವೆಂಬುದೂ ನಿಜ. ಉಡಾನ್ ಯೋಜನೆಯಡಿ ಕೆಲವು ಆಸನಗಳಿಗೆ ದರದ ಮಿತಿಯಿಟ್ಟಿದ್ದರೂ ಹೊರಡುವ ದಿನವೇ ಕೊಳ್ಳುವವನಿಗೆ ಅಂಥ ಆಸನ ಸಿಗುವುದು ದುರ್ಲಭ. ಆದ್ದರಿಂದ ಎಲ್ಲರೂ ವಿಮಾನದಲ್ಲಿ ಬನ್ನಿರೆಂದು ನಾವು ಹೇಳುತ್ತಿಲ್ಲ. ಬಸ್ಸಿನಲ್ಲಿ ಬರುವವನಿಗೂ ಹನ್ನೊಂದು ಹನ್ನೆರಡು ತಾಸು ಸಾಕು. ಇರುಳು ತೀರಿಕೊಂಡವರನ್ನು ಮರುದಿನ ಇಳಿಹೊತ್ತಿನವರೆಗೆ ಇಡುವುದು ಚಳಿಗಾಲದಲ್ಲಿ ಕಷ್ಟವಲ್ಲ. ಬೇಕಾದುದು ಮನೆಯ ಹಿರಿಯರು ಬದುಕಿರುವಾಗಲೇ ಎಷ್ಟು ಹೊತ್ತು ಎಂಬ ಮಾತನ್ನು ಬಾಯಿಬಿಟ್ಟು ಆಡುವುದು. ಅದನ್ನು ಅಪಶಕುನವೆನ್ನುವವರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಶಕುನವನ್ನು ಶರಣರು ಎಂದು ನಂಬಿದ್ದರು?

ವಿಮಾನವನ್ನೇ ನೆಚ್ಚಿ ಕೂಡುವ ಹಾಗೂ ಇಲ್ಲ. 2020ರ ಮಾರ್ಚಿನಿಂದ ಎರಡು ತಿಂಗಳು ದೇಶದೊಳಗಿನ ವಿಮಾನಗಳೆಲ್ಲ ನಿಂತಿದ್ದವು. ಆಗ ಎಷ್ಟೋ ಮನೆಗಳ ಮಕ್ಕಳು ಫೋನಿನ ಪರದೆಯಲ್ಲಿ ಮಣ್ಣು ನೋಡಿದರು. ಬೀದರಿಗೆ 2020ರ ಫೆಬ್ರವರಿ 7ರಂದು ಮೊದಲಾದ ಬೆಂಗಳೂರಿನ ಸೇವೆ ನಡುವೆ ನಿಂತು ಮತ್ತೆ ಹೊರಟದ್ದನ್ನು ನೋಡಿದ್ದೇವೆ. ನಮ್ಮೂರಿನಲ್ಲಿಯೂ ಸಂಖ್ಯೆ ಏರಿದೆ, ಇಳಿದಿದೆ. ಸಣ್ಣ ಊರಿನ ವಿಮಾನ ಪ್ರಯಾಣಿಕರನ್ನೂ ಸರಕಾರದ ನೆರವನ್ನೂ ನೋಡಿಕೊಂಡು ಬರುತ್ತದೆ, ಹೋಗುತ್ತದೆ.

ನಮ್ಮ ಮನೆಯ ಕಪಾಟಿನ ಬಾಗಿಲ ಒಳಬದಿಗೆ ಈಗ ಒಂದು ಹಾಳೆ ಅಂಟಿಸಿದೆ. ಬೆಂಗಳೂರಿನಿಂದ ಕಲಬುರಗಿಗೆ ಹೊರಡುವ ರೈಲುಗಳ ವೇಳೆ, ರಾತ್ರಿ ಬಸ್ಸುಗಳ ವೇಳೆ, ಹೈದರಾಬಾದು ಮತ್ತು ಸೊಲ್ಲಾಪುರದ ಮಾರ್ಗಗಳು, ಶಂಷಾಬಾದಿನಲ್ಲಿ ಸಿಗುವ ಕಾರಿನವನ ಫೋನು, ಜಂಗಮಯ್ಯನವರ ಫೋನು, ಕೆಳಗೆ ಅವ್ವ ಆಡಿದ ಎರಡು ಸಾಲು. ವಿಮಾನಗಳ ವೇಳಾಪಟ್ಟಿ ಮಾರ್ಚಿನ ಕೊನೆಗೆ ಒಮ್ಮೆ, ಅಕ್ಟೋಬರಿನ ಕೊನೆಗೆ ಒಮ್ಮೆ ಬದಲಾಗುತ್ತದೆ. ಅದನ್ನು ವಿಚಾರಿಸಿ ತಿದ್ದುವ ಕೆಲಸವನ್ನು ಮೊಮ್ಮಗ ವಹಿಸಿಕೊಂಡಿದ್ದಾನೆ. ಉಳಿದುದನ್ನೆಲ್ಲ ಶಾಯಿಯಲ್ಲಿ ಬರೆದು, ಬೆಂಗಳೂರಿನ ವಿಮಾನದ ಸಾಲನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದಿದ್ದಾನೆ.